ಎಣ್ಣೆಯ ಲೆಕ್ಕ, ಗಾಳಿಯ ಲೆಕ್ಕ: ರೋಣ ಸೀಮೆಯ ಇಂಜಿನ್‌ಗಳ ಚರಿತ್ರೆಯಿಂದ

2020ರ ಏಪ್ರಿಲ್ 1ರಂದು ಬಿಎಸ್-6 ಹೊಗೆ ನಿಯಮ ದೇಶದಾದ್ಯಂತ ಜಾರಿಯಾದ ಮೇಲೆ ಹೊಸ ಬೈಕುಗಳಿಂದ ಕಾರ್ಬುರೇಟರ್ ಹೆಚ್ಚುಕಡಿಮೆ ಮಾಯವಾಯಿತು. ಅದರ ಜಾಗದಲ್ಲಿ ಥ್ರಾಟಲ್ ಬಾಡಿ, ಇಂಜೆಕ್ಟರ್, ನಾಲ್ಕಾರು ಸೆನ್ಸರುಗಳು ಮತ್ತು ಇವನ್ನೆಲ್ಲ ಆಳುವ ಇಸಿಯು ಎಂಬ ಪುಟ್ಟ ಕಂಪ್ಯೂಟರ್ ಬಂದು ಕೂತವು. ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡಗಳಂಥ ಊರಿನ ಗ್ಯಾರೇಜುಗಳಿಗೆ ಇದು ಹೊರಗಿನ ವಿದ್ಯೆ, ಇಂಜೆಕ್ಷನ್ ಬಂದ ದಿನವೇ ತಾಲ್ಲೂಕಿನ ಮಿಸ್ತ್ರಿಯ ಕಾಲ ಮುಗಿಯಿತು ಎಂಬ ಮಾತನ್ನು ಅನೇಕರು ಆಡುತ್ತಾರೆ. ಈ ಮಾತಿನ ಅರ್ಧ ತಪ್ಪು. ಇಂಜೆಕ್ಷನ್ ಈ ಸೀಮೆಗೆ ಬಂದು ಹಲವು ತಲೆಮಾರುಗಳಾದವು. ಇಲ್ಲಿನ ಹಿಟ್ಟಿನ ಗಿರಣಿಯಲ್ಲಿ, ಹಳ್ಳದ ದಂಡೆಯ ಪಂಪಿನಲ್ಲಿ, ಟ್ರ್ಯಾಕ್ಟರಿನಲ್ಲಿ, ಟಂಟಂನಲ್ಲಿ ಓಡಿದ್ದೆಲ್ಲ ಇಂಜೆಕ್ಷನ್ ಇಂಜಿನ್ನೇ. ಹೊಸದಾಗಿ ಬಂದಿರುವುದು ಒಳಗೆ ಹೋಗುವ ಗಾಳಿಯನ್ನು ಅಳೆದು, ಆ ಅಳತೆಗೆ ಸರಿಯಾಗಿ ಎಣ್ಣೆ ಕೊಡುವ ಪದ್ಧತಿ. ಈ ವ್ಯತ್ಯಾಸ ಗೊತ್ತಿಲ್ಲದೆ ಹಳೆಯ ಕಾರ್ಬುರೇಟರ್ ಗಾಡಿಗೆ ಇಂಜೆಕ್ಷನ್ ಕೂಡಿಸಲು ಹೊರಟವರು ಮೊದಲು ಇಂಜೆಕ್ಟರನ್ನೂ ಪಂಪನ್ನೂ ಹುಡುಕುತ್ತಾರೆ, ಗಾಳಿಯ ಕಡೆಯ ಸಾಮಾನನ್ನು ಕೊನೆಗೆ ಸಿಕ್ಕಿದ್ದರಲ್ಲಿ ಹೊಂದಿಸುತ್ತಾರೆ. ನಡೆಯಬೇಕಾದ್ದು ಇದರ ತಿರುಗು ಮುರುಗು. ಥ್ರಾಟಲ್ ಬಾಡಿ ಮತ್ತು ಇನ್‌ಟೇಕ್ ಮೊದಲು, ಇಂಜೆಕ್ಟರ್ ಆಮೇಲೆ. ಇದಕ್ಕೆ ಪುರಾವೆ ಈ ಸೀಮೆಯ ಇಂಜಿನ್‌ಗಳ ಚರಿತ್ರೆಯಲ್ಲೇ ಸಿಗುತ್ತದೆ.

ರೋಣ ಸೀಮೆ ಎರಿ ಭೂಮಿ. ಹಿಂಗಾರಿ ಜೋಳ, ಕಡಲೆ, ಹತ್ತಿ ಇಲ್ಲಿನ ಬೆಳೆಗಳು. ನೀರಾವರಿ ಇದ್ದದ್ದು ಮಲಪ್ರಭೆ ಮತ್ತು ಬೆಣ್ಣೆಹಳ್ಳದ ದಂಡೆಗೆ, ಬಾವಿ ಇದ್ದವರ ಹೊಲಕ್ಕೆ. ನವಿಲುತೀರ್ಥದ ಅಣೆಕಟ್ಟೆ 1972ರಲ್ಲಿ ಮುಗಿದು ಕಾಲುವೆ ಬಂದ ಮೇಲೂ ಕಾಲುವೆ ಮುಟ್ಟದ ಹೊಲಗಳು ಉಳಿದವು. ಕರೆಂಟು ಹಳ್ಳಿಗಳಿಗೆ ತಲುಪುವ ಮೊದಲು, ತಲುಪಿದ ಮೇಲೂ ಅದು ಕೈಕೊಟ್ಟಾಗ, ನೀರೆತ್ತಿದ್ದು ಮತ್ತು ಹಿಟ್ಟು ಬೀಸಿದ್ದು ಒಂದೇ ಸಿಲಿಂಡರಿನ ಡೀಸೆಲ್ ಎಣ್ಣೆ ಇಂಜಿನ್. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿ, 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನ 1946ರಲ್ಲಿ ಪುಣೆಯಲ್ಲಿ ಕಿರ್ಲೋಸ್ಕರ್ ಆಯಿಲ್ ಇಂಜಿನ್ಸ್ ಕಟ್ಟಿತು. ದಪ್ಪ ಚಕ್ರದ, ನಿಧಾನವಾಗಿ ತಿರುಗುವ ಇಂಜಿನ್‌ಗಳು ರಾಜ್‌ಕೋಟ್‌ನಿಂದ ಬಂದವು. ಹೆಸರು ಯಾವುದೇ ಇರಲಿ, ಎಲ್ಲವುಗಳ ಪಕ್ಕದಲ್ಲೂ ಒಂದು ಸಣ್ಣ ಪಂಪು, ತಲೆಯ ಮೇಲೊಂದು ನಾಜಲ್ಲು ಇರುತ್ತಿದ್ದವು. ಜರ್ಮನಿಯ ಬಾಷ್ ಕಂಪನಿ 1927ರಲ್ಲಿ ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿದ ಈ ಪಂಪು ನಮ್ಮಲ್ಲಿ ‘ಮೈಕೊ’ ಎಂದೇ ಮನೆಮಾತಾಯಿತು. 1951ರಲ್ಲಿ ಸ್ಥಾಪನೆಯಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ ಬೆಂಗಳೂರಿನ ಆಡುಗೋಡಿಯ ಕಾರ್ಖಾನೆಯಲ್ಲಿ ಪಂಪು, ನಾಜಲ್ಲು, ಸ್ಪಾರ್ಕ್ ಪ್ಲಗ್ಗುಗಳನ್ನು ಮಾಡಿತು. 2008ರಲ್ಲಿ ಕಂಪನಿಯ ಹೆಸರು ಬಾಷ್ ಲಿಮಿಟೆಡ್ ಎಂದು ಬದಲಾದರೂ ಗಿರಣಿ, ಗ್ಯಾರೇಜುಗಳ ಬಾಯಲ್ಲಿ ಹಳೆಯ ಹೆಸರು ಅಳಿಯಲಿಲ್ಲ.

ಈ ಪಂಪನ್ನು ಬಿಚ್ಚಿ ನೋಡಿದವರಿಗೆ ಅದು ಎಂಥ ನಾಜೂಕಿನ ವಸ್ತು ಎಂದು ಗೊತ್ತು. ಪ್ಲಂಜರ್ ಮತ್ತು ಬ್ಯಾರಲ್ ನಡುವಿನ ಸಂದು ಕೆಲವೇ ಮೈಕ್ರಾನ್. ಪ್ಲಂಜರಿನ ಮೈಮೇಲೆ ಓರೆಯಾಗಿ ಕೊರೆದ ಕಚ್ಚು ಇರುತ್ತದೆ. ಗೌರ್ನರ್ ರ‍್ಯಾಕನ್ನು ಸರಿಸಿದಂತೆ ಪ್ಲಂಜರ್ ತಿರುಗಿ, ಪ್ರತಿ ಹೊಡೆತಕ್ಕೆ ಹೋಗುವ ಎಣ್ಣೆ ಹೆಚ್ಚುಕಡಿಮೆಯಾಗುತ್ತದೆ. ನಾಜಲ್ ಬಾಯಿ ತೆರೆಯಲು ಸುಮಾರು 200 ಬಾರ್ ಒತ್ತಡ ಬೇಕು. ಇಂಥದ್ದನ್ನು ನಮ್ಮ ಭಾಗದ ಮಿಸ್ತ್ರಿಗಳು ದಶಕಗಳ ಕಾಲ ಬಿಚ್ಚಿದ್ದಾರೆ, ತೊಳೆದಿದ್ದಾರೆ, ಕೈಯಿಂದ ಒತ್ತುವ ಟೆಸ್ಟರಿಗೆ ಕಟ್ಟಿ ಸ್ಪ್ರೇ ಹೇಗೆ ಬೀಳುತ್ತದೆಂದು ನೋಡಿ ನಾಜಲ್ಲಿನ ಆಯುಷ್ಯ ಹೇಳಿದ್ದಾರೆ. ಟ್ರ್ಯಾಕ್ಟರಿನ ಪಂಪು ಕೆಟ್ಟರೆ ಅದನ್ನು ದೊಡ್ಡ ಊರಿನ ಬೆಂಚಿಗೆ ಒಯ್ದು ಕ್ಯಾಲಿಬ್ರೇಶನ್ ಮಾಡಿಸಿ ತಂದು, ಟೈಮಿಂಗ್ ಕೂಡಿಸಿ, ಲೈನಿನ ಏರ್ ತೆಗೆದು ಚಾಲೂ ಮಾಡಿದ್ದಾರೆ. ಬೈಕಿನ ಪೆಟ್ರೋಲ್ ಇಂಜೆಕ್ಷನ್ನಿನಲ್ಲಿ ಒತ್ತಡ ಸುಮಾರು 3 ಬಾರ್ ಮಾತ್ರ. 200 ಬಾರಿನ ಎಣ್ಣೆಯನ್ನು ಪಳಗಿಸಿದ ಕೈಗೆ 3 ಬಾರ್ ಅಂಜಿಕೆ ಹುಟ್ಟಿಸಬೇಕಾದ ಕಾರಣವೇ ಇಲ್ಲ. ಹಾಗಾದರೆ ತೊಡಕು ಎಲ್ಲಿ?

ತೊಡಕು ಡೀಸೆಲ್ ಇಂಜಿನ್ನಿನ ಸ್ವಭಾವದಲ್ಲೇ ಇದೆ. ಅದಕ್ಕೆ ಥ್ರಾಟಲ್ ಇಲ್ಲ. ಪಿಸ್ಟನ್ ಕೆಳಗಿಳಿದಾಗಲೆಲ್ಲ ಸಿಲಿಂಡರ್ ತುಂಬ ಗಾಳಿ ಎಳೆದುಕೊಳ್ಳುತ್ತದೆ, ಭಾರ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಕೆಲಸ ಹೆಚ್ಚಾದರೆ ಎಣ್ಣೆ ಹೆಚ್ಚು, ಕಡಿಮೆಯಾದರೆ ಎಣ್ಣೆ ಕಡಿಮೆ. ಗಾಳಿ ಯಾವಾಗಲೂ ಬೇಕಾದ್ದಕ್ಕಿಂತ ಹೆಚ್ಚೇ ಇರುವುದರಿಂದ ಅದನ್ನು ಅಳೆಯುವ ಅಗತ್ಯ ಬೀಳಲಿಲ್ಲ. ಹೊಗೆ ಕಪ್ಪಾದರೆ ಎಣ್ಣೆ ಮಿತಿ ಮೀರಿದೆ ಅಥವಾ ಫಿಲ್ಟರ್ ಕಟ್ಟಿದೆ ಎಂದು ತಿಳಿದರೆ ಸಾಕಿತ್ತು. ಹೀಗಾಗಿ ಮೂರು ತಲೆಮಾರಿನ ಅನುಭವವೆಲ್ಲ ಎಣ್ಣೆಯ ಕಡೆಗೆ ಶೇಖರವಾಯಿತು, ಗಾಳಿಯ ಕಡೆಗೆ ಉಳಿದದ್ದು ಆಯಿಲ್-ಬಾತ್ ಫಿಲ್ಟರಿನ ಕೊಳೆ ತೆಗೆದು ಹೊಸ ಆಯಿಲ್ ಸುರಿಯುವಷ್ಟು ಕೆಲಸ. ಇದಕ್ಕೊಂದು ಅಪವಾದವಿದೆ, ಅದು ನನ್ನ ವಾದಕ್ಕೆ ಬಲವನ್ನೇ ಕೊಡುತ್ತದೆ. ಹಳೆಯ ಕೆಲವು ಡೀಸೆಲ್ ಇಂಜಿನ್‌ಗಳಲ್ಲಿ ನ್ಯೂಮ್ಯಾಟಿಕ್ ಗೌರ್ನರ್ ಇತ್ತು. ಗಾಳಿಯ ಕೊಳವೆಯಲ್ಲಿ ಒಂದು ಚಿಟ್ಟೆ-ಕವಾಟ, ಅಲ್ಲಿಂದ ಪಂಪಿನ ಹಿಂದಿನ ಡಯಾಫ್ರಮ್ಮಿಗೆ ಒಂದು ಸಣ್ಣ ಪೈಪು. ಕೊಳವೆಯ ಒತ್ತಡ ತಗ್ಗಿದಷ್ಟು ಎಣ್ಣೆ ತಗ್ಗುತ್ತಿತ್ತು. ಪೈಪು ಸೀಳಿದರೆ ಅಥವಾ ಡಯಾಫ್ರಮ್ ಹರಿದರೆ ಪಂಪಿಗೆ ಸುಳ್ಳು ಸುದ್ದಿ ಹೋಗಿ ಇಂಜಿನ್ ಹಿಡಿತ ತಪ್ಪಿ ಏರುತ್ತಿತ್ತು. ಎಣ್ಣೆಯ ಲೆಕ್ಕವನ್ನು ಗಾಳಿಗೆ ಒಪ್ಪಿಸಿದ ಕೂಡಲೇ ಗಾಳಿಯ ದಾರಿಯ ಒಂದು ಸೀಳು ಇಡೀ ಇಂಜಿನ್ನನ್ನು ಕೆಡಿಸಬಲ್ಲದು ಎಂಬುದನ್ನು ಆ ಗೌರ್ನರ್ ಅಂದೇ ತೋರಿಸಿತ್ತು.

ಪೆಟ್ರೋಲಿನ ಕಡೆಯ ಕಥೆ ಬೇರೆ ದಾರಿ ಹಿಡಿಯಿತು. 1961ರಿಂದ ಮೈಸೂರಿನಲ್ಲಿ ತಯಾರಾದ ಜಾವಾ, ಆಮೇಲಿನ ಯೆಜ್ಡಿ, ಬಜಾಜ್ ಚೇತಕ್, ಲೂನಾ, 1985ರ ಹೀರೊ ಹೋಂಡಾ ಸಿಡಿ-100, 1994ರ ಸ್ಪ್ಲೆಂಡರ್ ಎಲ್ಲವೂ ಕಾರ್ಬುರೇಟರ್ ಗಾಡಿಗಳು. ಇಲ್ಲೊಂದು ಆಕ್ಷೇಪ ಏಳುತ್ತದೆ: ಕಾರ್ಬುರೇಟರ್ ಕೂಡ ಗಾಳಿಯನ್ನೇ ಅಳೆಯುತ್ತಿತ್ತಲ್ಲ, ಅದನ್ನು ಕೂಡಿಸಿದ ಮಿಸ್ತ್ರಿಗೆ ಗಾಳಿಯ ಲೆಕ್ಕ ಹೊಸದು ಹೇಗಾಯಿತು? ಆಕ್ಷೇಪದಲ್ಲಿ ಹುರುಳಿದೆ. ಗಾಳಿ ಕಿರಿದಾದ ಗಂಟಲಲ್ಲಿ ವೇಗವಾಗಿ ಹರಿದಾಗ ಒತ್ತಡ ತಗ್ಗುತ್ತದೆ, ಆ ತಗ್ಗು ಜೆಟ್ಟಿನಿಂದ ಪೆಟ್ರೋಲನ್ನು ಎಳೆಯುತ್ತದೆ. ಗಾಳಿ ಹೆಚ್ಚಿದರೆ ಪೆಟ್ರೋಲೂ ಹೆಚ್ಚುತ್ತದೆ. ಆದರೆ ಇಲ್ಲಿ ಅಳೆಯುವುದೂ ಸುರಿಯುವುದೂ ಒಂದೇ ಅಂಗ. ಮಿಸ್ತ್ರಿ ಅಳತೆಯನ್ನು ಬೇರೆಯಾಗಿ ಕಾಣಲೇ ಇಲ್ಲ. ಅವನು ಜೆಟ್ಟಿನ ನಂಬರು ನೋಡಿದ, ಏರ್ ಸ್ಕ್ರೂ ತಿರುವಿದ, ಪ್ಲಗ್ಗಿನ ಬಣ್ಣ ನೋಡಿದ, ಸದ್ದು ಕೇಳಿದ. ಮ್ಯಾನಿಫೋಲ್ಡಿನ ರಬ್ಬರ್ ಸ್ವಲ್ಪ ಬಿರುಕು ಬಿಟ್ಟಿದ್ದರೂ ಐಡ್ಲಿಂಗ್ ಏರಿಸಿ, ಪೆಟ್ರೋಲ್ ದಪ್ಪ ಮಾಡಿ ಗಾಡಿಯನ್ನು ಮನೆ ಮುಟ್ಟಿಸಬಹುದಿತ್ತು. ಆ ಕೈಚಳಕವನ್ನು ನಾನು ಹಗುರವಾಗಿ ಕಾಣುವುದಿಲ್ಲ, ಕೆಟ್ಟ ರಸ್ತೆಯಲ್ಲಿ ಸಾವಿರಾರು ಗಾಡಿಗಳನ್ನು ಓಡಿಸಿದ್ದು ಅದೇ. ಇಂಜೆಕ್ಷನ್ ಮಾಡಿದ್ದೇನೆಂದರೆ ಆ ಒಂದು ಅಂಗವನ್ನು ಎರಡಾಗಿ ಸೀಳಿತು. ಗಾಳಿಯನ್ನು ಬಿಡುವುದೂ ಅಳೆಯುವುದೂ ಥ್ರಾಟಲ್ ಬಾಡಿಯ ಪಾಲಿಗೆ ಬಂತು, ಪೆಟ್ರೋಲ್ ಕೊಡುವುದು ಇಂಜೆಕ್ಟರಿನ ಪಾಲಿಗೆ. ನಡುವೆ ಲೆಕ್ಕ ಬರೆಯಲು ಇಸಿಯು ಬಂದು ಕೂತಿತು. ಅಳತೆ ತಪ್ಪಿದರೆ ಎಷ್ಟು ಒಳ್ಳೆಯ ಇಂಜೆಕ್ಟರ್ ಇದ್ದರೂ ಅದು ತಪ್ಪು ಪ್ರಮಾಣವನ್ನೇ ಅಚ್ಚುಕಟ್ಟಾಗಿ ಸುರಿಯುತ್ತದೆ.

ಜಗತ್ತಿನ ಬೇರೆ ಕಡೆಯ ಚರಿತ್ರೆಯೂ ಇದನ್ನೇ ಹೇಳುತ್ತದೆ. 1954ರಲ್ಲಿ ಬಂದ ಮರ್ಸಿಡಿಸ್ 300 ಎಸ್‌ಎಲ್ ಕಾರಿಗೆ ಬಾಷ್ ಕೊಟ್ಟದ್ದು ಡೀಸೆಲ್ ಪಂಪಿನ ಜಾತಿಯದೇ ಆದ ಯಾಂತ್ರಿಕ ಪಂಪು. ಸ್ವಿಚ್ ಆಫ್ ಮಾಡಿದ ಮೇಲೂ ಇಂಜಿನ್ ತಿರುಗಿ ನಿಲ್ಲುವವರೆಗೆ ಅದು ಪೆಟ್ರೋಲ್ ಸುರಿಯುತ್ತಿತ್ತು, ಆ ಪೆಟ್ರೋಲ್ ಆಯಿಲನ್ನು ತೆಳುವಾಗಿಸುತ್ತಿತ್ತು. 1957ರಲ್ಲಿ ಅಮೆರಿಕದ ಬೆಂಡಿಕ್ಸ್ ಕಂಪನಿ ವಿದ್ಯುನ್ಮಾನ ಇಂಜೆಕ್ಷನ್ ಹೊರತಂದಿತು, ಅದು ಬಾಳಲಿಲ್ಲ. ಬಾಷ್ 1967ರಲ್ಲಿ ಡಿ-ಜೆಟ್ರಾನಿಕ್ ತಂದಾಗ ಅದರ ಜೀವಾಳ ಮ್ಯಾನಿಫೋಲ್ಡಿನ ಒತ್ತಡ ಅಳೆಯುವ ಸೆನ್ಸರ್ ಆಗಿತ್ತು. 1973ರ ಕೆ-ಜೆಟ್ರಾನಿಕ್ಕಿನಲ್ಲಿ ಗಾಳಿ ಒಂದು ತಟ್ಟೆಯನ್ನು ಎತ್ತುತ್ತಿತ್ತು, 1974ರ ಎಲ್-ಜೆಟ್ರಾನಿಕ್ಕಿನಲ್ಲಿ ಒಂದು ರೆಕ್ಕೆಯನ್ನು ತಳ್ಳುತ್ತಿತ್ತು. ಅಲ್ಲಿಂದ ಮುಂದಿನ ಸುಧಾರಣೆಗಳಲ್ಲಿ ಹೆಚ್ಚಿನವು ಗಾಳಿಯನ್ನು ಅಳೆಯುವ ಬಗೆಯಲ್ಲೇ ಆದವು. ನಮ್ಮಲ್ಲಿ ಮಾರುತಿ 800 ಕಾರ್ಬುರೇಟರ್ ಬಿಟ್ಟು ಎಂಪಿಎಫ್‌ಐ ಆದದ್ದು ಈ ವಿದ್ಯೆಯಿಂದಲೇ. 2006ರಲ್ಲಿ ಹೀರೊ ಹೋಂಡಾ ಗ್ಲಾಮರಿಗೆ ಇಂಜೆಕ್ಷನ್ ಬಂತು. 2009ರಲ್ಲಿ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 500 ಇಂಜೆಕ್ಷನ್ನಿನೊಂದಿಗೇ ಇಳಿಯಿತು, ಅದರ ತಮ್ಮ ಕ್ಲಾಸಿಕ್ 350 ಮಾತ್ರ ಬಿಎಸ್-6 ಬರುವ ತನಕ ಕಾರ್ಬುರೇಟರಿನಲ್ಲೇ ಉಳಿಯಿತು.

ಆ 350ರ ಲೆಕ್ಕವನ್ನೇ ತೆಗೆದುಕೊಳ್ಳೋಣ, ಏಕೆಂದರೆ ಇಂಜೆಕ್ಷನ್ ಕೂಡಿಸಬೇಕೆಂಬ ಆಸೆ ಹೆಚ್ಚಾಗಿ ಹುಟ್ಟುವುದು ಇಂಥ ಗಾಡಿಗಳ ಮೇಲೆ. 346 ಸಿಸಿ, 5250 ಆರ್‌ಪಿಎಮ್‌ನಲ್ಲಿ 19.8 ಬಿಎಚ್‌ಪಿ, 29 ಮಿ.ಮೀ. ಕಾರ್ಬುರೇಟರ್. ನಾಲ್ಕು ಸ್ಟ್ರೋಕಿನ ಇಂಜಿನ್ ಎರಡು ಸುತ್ತಿಗೊಮ್ಮೆ ಉಸಿರು ಎಳೆಯುತ್ತದೆ. ಹಾಗಾಗಿ ಆ ವೇಗದಲ್ಲಿ ನಿಮಿಷಕ್ಕೆ ಎಳೆಯಬಲ್ಲದ್ದು ಹೆಚ್ಚೆಂದರೆ 908 ಲೀಟರ್, ಸಿಲಿಂಡರ್ ಶೇ. 80ರಷ್ಟು ತುಂಬುತ್ತದೆಂದು ಹಿಡಿದರೆ ಸುಮಾರು 725 ಲೀಟರ್. ಇದಕ್ಕೆ ದೊಡ್ಡ ಗಾಡಿಯ 38 ಮಿ.ಮೀ. ಥ್ರಾಟಲ್ ಬಾಡಿ ಹಾಕಿದರೆ ಬಾಯಿಯ ಕ್ಷೇತ್ರಫಲ 6.6 ಚದರ ಸೆಂ.ಮೀ.ನಿಂದ 11.3ಕ್ಕೆ ಏರುತ್ತದೆ, ಅಂದರೆ ಶೇ. 70ಕ್ಕೂ ಹೆಚ್ಚು. ಬಾಯಿ ದೊಡ್ಡದಾದರೆ ಶಕ್ತಿ ಹೆಚ್ಚು ಎಂಬ ನಂಬಿಕೆ ಇಲ್ಲಿ ಮೋಸ ಮಾಡುತ್ತದೆ. ಇಂಜಿನ್ನಿನ ಅಳತೆ ಬದಲಾಗಿಲ್ಲ, ವಾಲ್ವು ಬದಲಾಗಿಲ್ಲ, ಗಾಳಿಯ ಬೇಡಿಕೆ ಅಷ್ಟೇ ಇದೆ. ಬದಲಾದದ್ದು ಎಕ್ಸಿಲೇಟರಿನ ಗುಣ. ಕೈ ತುಸು ತಿರುಗಿದರೆ ಸಾಕು, ಇಂಜಿನ್ನಿಗೆ ಬೇಕಾದ ಗಾಳಿಯ ದೊಡ್ಡ ಪಾಲು ಒಳನುಗ್ಗುತ್ತದೆ. ಮಿಕ್ಕ ತಿರುವಿನಲ್ಲಿ ಹೇಳಿಕೊಳ್ಳುವ ಬದಲಾವಣೆ ಇಲ್ಲ. ಥ್ರಾಟಲ್ ಸೆನ್ಸರಿನ ಕೋನವನ್ನೇ ನಂಬಿ ಪೆಟ್ರೋಲ್ ಕೊಡುವ ಇಸಿಯುಗೆ ಇದು ಕಷ್ಟ, ಏಕೆಂದರೆ ಒಂದೆರಡು ಡಿಗ್ರಿಯ ತಪ್ಪೂ ದೊಡ್ಡ ತಪ್ಪಾಗುತ್ತದೆ. ರೋಣದ ಸಂತೆಯಲ್ಲಿ, ಟ್ರ್ಯಾಕ್ಟರ್ ಹಿಂದೆ, ಹೊಲದ ದಾರಿಯಲ್ಲಿ ಓಡುವ ಗಾಡಿಗೆ ಬೇಕಾದದ್ದು ಸಣ್ಣ ತೆರವಿನ ಹದ. ಅದಕ್ಕೆ ಕಾರ್ಬುರೇಟರಿನ ಅಳತೆಯ ಆಸುಪಾಸಿನ, ಸೆನ್ಸರುಗಳು ಮೈಮೇಲೇ ಇರುವ, ಬೈಪಾಸ್ ಗಾಳಿಯ ವ್ಯವಸ್ಥೆ ಇರುವ ಥ್ರಾಟಲ್ ಬಾಡಿಯೇ ಲೇಸು. ಇಂಜೆಕ್ಟರಿನ ಲೆಕ್ಕ ಇದಾದ ಮೇಲೆ ಸುಲಭ: 20 ಅಶ್ವಶಕ್ತಿಗೆ ಗಂಟೆಗೆ ಸುಮಾರು 4.6 ಕೆ.ಜಿ. ಪೆಟ್ರೋಲ್ ಬೇಕಾದರೆ, ಇಂಜೆಕ್ಟರನ್ನು ಶೇ. 80ಕ್ಕಿಂತ ಹೆಚ್ಚು ಹೊತ್ತು ತೆರೆದಿಡದೆ ಕೊಡಲು ನಿಮಿಷಕ್ಕೆ ಸುಮಾರು 130 ಸಿಸಿ ಸಾಮರ್ಥ್ಯ ಸಾಕು.

ಥ್ರಾಟಲ್ ಬಾಡಿಗಿಂತ ಹೆಚ್ಚು ಅಲಕ್ಷ್ಯಕ್ಕೆ ಒಳಗಾಗುವುದು ಅದರ ಮುಂದಿನ ಮತ್ತು ಹಿಂದಿನ ಸಾಮಾನು. ಥ್ರಾಟಲ್ ಬಾಡಿಯಿಂದ ವಾಲ್ವಿನ ತನಕದ ಮ್ಯಾನಿಫೋಲ್ಡಿನಲ್ಲಿ ಇಂಜೆಕ್ಟರ್ ಕೂರುವ ಜಾಗ ವಾಲ್ವಿನ ಬೆನ್ನಿಗೆ ಗುರಿಯಿಟ್ಟಿರಬೇಕು. ದೂರದಲ್ಲಿದ್ದರೆ ಪೆಟ್ರೋಲ್ ಕೊಳವೆಯ ಗೋಡೆಗೆ ಅಂಟಿ, ಎಕ್ಸಿಲೇಟರ್ ಕೊಟ್ಟಾಗ ಇಂಜಿನ್ ಮೊದಲು ತಡವರಿಸುತ್ತದೆ. ಒಂದೇ ಸಿಲಿಂಡರಿನ ಇಂಜಿನ್ನಿನಲ್ಲಿ ಮ್ಯಾನಿಫೋಲ್ಡಿನ ಒತ್ತಡ ಒಂದೇ ಸಮ ಇರುವುದಿಲ್ಲ, ಪ್ರತಿ ಉಸಿರಿಗೆ ಕುಸಿದು ಮತ್ತೆ ಏರುತ್ತದೆ. ಆದ್ದರಿಂದ ಒತ್ತಡದ ಸೆನ್ಸರಿಗೆ ಹೋಗುವ ಪೈಪು ಗಿಡ್ಡದಿರಬೇಕು, ಇಸಿಯು ಕ್ರ್ಯಾಂಕಿನ ಸರಿಯಾದ ಕೋನದಲ್ಲಿ ಅದನ್ನು ಓದಬೇಕು. ತಲೆಯ ಕಾವು ಥ್ರಾಟಲ್ ಬಾಡಿಗೆ ಹತ್ತದಂತೆ ನಡುವೆ ಇನ್ಸುಲೇಟರ್ ಬೇಕು. ರಬ್ಬರ್ ಬೂಟು, ಗ್ಯಾಸ್ಕೆಟ್, ಓ-ರಿಂಗು, ಕ್ಲಿಪ್ಪುಗಳಲ್ಲಿ ಎಲ್ಲಿ ಗಾಳಿ ಸೋರಿದರೂ ನ್ಯೂಮ್ಯಾಟಿಕ್ ಗೌರ್ನರಿನ ಹರಿದ ಡಯಾಫ್ರಮ್ ಮಾಡಿದ ಅನಾಹುತವೇ ಬೇರೆ ರೂಪದಲ್ಲಿ ಬರುತ್ತದೆ. ಇನ್ನು ಫಿಲ್ಟರ್. ಡಬ್ಬಿ ಕಿತ್ತು ಬಯಲಲ್ಲಿ ಕಾಣುವ ಕೋನ್ ಫಿಲ್ಟರ್ ಹಾಕುವ ಶೋಕಿ ಪಟ್ಟಣದ್ದು. ಸುಗ್ಗಿಯ ದಿನಗಳಲ್ಲಿ ಎರಿ ಮಣ್ಣಿನ ಧೂಳು ಹಿಟ್ಟಿನಂತೆ ಏಳುವ ನರಗುಂದ, ಹೊಳೆಆಲೂರು, ನರೇಗಲ್ಲಿನ ದಾರಿಗಳಲ್ಲಿ, ವಿದ್ಯುತ್ತಿಗಾಗಿ ಗಾಳಿಗಿರಣಿ ನೆಡುವಷ್ಟು ಗಾಳಿ ಬೀಸುವ ಗಜೇಂದ್ರಗಡದ ಗುಡ್ಡಗಳ ಬದಿಯಲ್ಲಿ, ಕಂಪನಿಯ ಮುಚ್ಚಿದ ಡಬ್ಬಿಯನ್ನೇ ಉಳಿಸಿಕೊಳ್ಳುವುದು ಬುದ್ಧಿವಂತಿಕೆ. ಆ ಡಬ್ಬಿ ಧೂಳು ತಡೆಯುವುದಲ್ಲದೆ ಗಾಳಿಯ ಅಲೆಗಳನ್ನೂ ಸಮ ಮಾಡುತ್ತದೆ.

ಎಗ್ಜಾಸ್ಟಿನ ಆಕ್ಸಿಜನ್ ಸೆನ್ಸರ್ ಎಲ್ಲ ತಪ್ಪುಗಳನ್ನೂ ತಾನೇ ತಿದ್ದುತ್ತದೆ, ಸಾಮಾನು ಹೇಗಿದ್ದರೇನು ಎಂಬ ವಾದವನ್ನು ಇಂಜೆಕ್ಷನ್ ಕಿಟ್ ಮಾರುವವರು ಮುಂದಿಡುತ್ತಾರೆ. ಸಾಮಾನ್ಯ ಆಕ್ಸಿಜನ್ ಸೆನ್ಸರ್ ಹೇಳುವುದು ಸುಟ್ಟ ಮೇಲಿನ ಸುದ್ದಿ, ಅದೂ ಮಿಶ್ರಣ ಹದಕ್ಕಿಂತ ದಪ್ಪವೋ ತೆಳುವೋ ಎಂಬಷ್ಟೇ. ಗಾಡಿ ಒಂದೇ ವೇಗದಲ್ಲಿ ಓಡುವಾಗ ಆ ಸುದ್ದಿ ಉಪಯುಕ್ತ. ತಣ್ಣಗಿರುವ ಇಂಜಿನ್ ಚಾಲೂ ಮಾಡುವಾಗ, ತಟ್ಟನೆ ಎಕ್ಸಿಲೇಟರ್ ಕೊಟ್ಟಾಗ, ಪೂರ್ತಿ ತೆರೆದು ಏರು ಹತ್ತುವಾಗ ಇಸಿಯು ತನ್ನೊಳಗೆ ಬರೆದಿಟ್ಟ ಇಂಧನದ ನಕ್ಷೆಯನ್ನೂ ಗಾಳಿಯ ಸೆನ್ಸರುಗಳನ್ನೂ ನಂಬಲೇಬೇಕು. ತಿದ್ದುಪಡಿಗೂ ಮಿತಿ ಇದೆ. ಈ ಸೀಮೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ, ಇಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ಹೆಚ್ಚುಕಡಿಮೆ ಶೇ. 7ರಷ್ಟು ಕಡಿಮೆ. ಚಳಿಗಾಲದ ಬೆಳಗಿನ 15 ಡಿಗ್ರಿಯಿಂದ ಬೇಸಿಗೆಯ ಮಧ್ಯಾಹ್ನದ 40 ಡಿಗ್ರಿಗೆ ಹೋದರೆ ಗಾಳಿ ಇನ್ನೂ ಶೇ. 8ರಷ್ಟು ತೆಳುವಾಗುತ್ತದೆ. ಇವೆರಡನ್ನೂ ಒತ್ತಡ ಮತ್ತು ಉಷ್ಣತೆಯ ಸೆನ್ಸರುಗಳು ಮೊದಲೇ ತಿಳಿಸಿದರೆ ಆಕ್ಸಿಜನ್ ಸೆನ್ಸರಿಗೆ ಉಳಿಯುವುದು ಸಣ್ಣ ತಿದ್ದುಪಡಿ. ತಿಳಿಸದಿದ್ದರೆ ಅದರ ಶಕ್ತಿಯೆಲ್ಲ ಹವಾಮಾನ ತಿದ್ದುವುದರಲ್ಲೇ ಮುಗಿಯುತ್ತದೆ.

ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರವಾದದ್ದು. ಇಂಥ ಬದಲಾವಣೆ ಏಕೆ ಬೇಕು, ಇದಕ್ಕೆ ಕಾನೂನಿನ ಒಪ್ಪಿಗೆ ಇದೆಯೇ? 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಕಂಪನಿಯ ಮೂಲ ವಿವರಕ್ಕೆ ವ್ಯತಿರಿಕ್ತವಾಗಿ ವಾಹನವನ್ನು ಬದಲಿಸುವುದನ್ನು ನಿರ್ಬಂಧಿಸುತ್ತದೆ, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬಿಗಿಯಾಗಿ ಓದಿತು. ಆದ್ದರಿಂದ ಗದಗ ಜಿಲ್ಲೆಯ ಕೆಎ-26 ನಂಬರಿನ ಗಾಡಿಗೆ ಕೈ ಹಾಕುವ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸುವುದು ತಪ್ಪದ ಹೆಜ್ಜೆ, ರೇಸಿನ ಅಂಗಳಕ್ಕೋ ಕಲಿಕೆಯ ಬೆಂಚಿಗೋ ಮಾಡುವ ಕೆಲಸ ಬೇರೆ. ಆದರೆ ಗಾಳಿಯ ಲೆಕ್ಕ ಬೇಕಾದದ್ದು ಬದಲಾವಣೆ ಮಾಡುವವರಿಗೆ ಮಾತ್ರ ಎಂದು ತಿಳಿದರೆ ತಪ್ಪಾದೀತು. ಇಂದು ಕಂಪನಿಯಿಂದಲೇ ಇಂಜೆಕ್ಷನ್ ಪಡೆದು ಬಂದ ಸ್ಪ್ಲೆಂಡರಿನ ಥ್ರಾಟಲ್ ಬಾಡಿಯಲ್ಲಿ ಮಸಿ ಕಟ್ಟಿದಾಗ, ಬೂಟು ಸೀಳಿದಾಗ ಬೇಕಾಗುವುದು ಇದೇ ತಿಳಿವಳಿಕೆ. ಡೀಸೆಲ್ಲೂ ಹಳೆಯ ಹಾದಿ ಬಿಟ್ಟಿದೆ. ಬಿಎಸ್-6 ಡೀಸೆಲ್ ಗಾಡಿಗಳಲ್ಲಿ ಕಾಮನ್ ರೇಲ್, ಗಾಳಿಯನ್ನು ಅಳೆಯುವ ಸೆನ್ಸರ್, ಎಷ್ಟೋ ಮಾದರಿಗಳಲ್ಲಿ ಗಾಳಿಯ ದಾರಿಗೆ ಒಂದು ಕವಾಟ ಬಂದಿವೆ. 50 ಅಶ್ವಶಕ್ತಿ ಮೀರಿದ ಟ್ರ್ಯಾಕ್ಟರುಗಳಿಗೆ 2023ರ ಜನವರಿಯಿಂದ ಹೊಸ ಹೊಗೆ ನಿಯಮ ಜಾರಿಯಾಗಿದೆ. ಎಣ್ಣೆಯ ಲೆಕ್ಕವೊಂದರಲ್ಲೇ ಬಾಳಿದ ಇಂಜಿನ್ ಜಾತಿಗೂ ಗಾಳಿಯ ಲೆಕ್ಕ ತಪ್ಪಲಿಲ್ಲ.

ಹಳೆಯ ಮೈಕೊ ಪಂಪಿನ ವಿದ್ಯೆ ಇದರಿಂದ ವ್ಯರ್ಥವಾಯಿತೆಂದು ನಾನು ಒಪ್ಪುವುದಿಲ್ಲ. ಪ್ಲಂಜರ್ ಮುಟ್ಟುವ ಮೊದಲು ಕೈ ತೊಳೆಯುವ ಶಿಸ್ತು, ಬದಲಿ ಸಾಮಾನಿನ ನಂಬರು ತಾಳೆ ನೋಡುವ ಅಭ್ಯಾಸ, ಕಿವಿಗೆ ಕೇಳಿದ್ದನ್ನು ಬೆಂಚಿನ ಅಳತೆಯಿಂದ ಖಾತ್ರಿ ಮಾಡಿಕೊಳ್ಳುವ ರೂಢಿ ಕಾರ್ಬುರೇಟರ್ ಕೆಲಸದವರಿಗಿಂತ ಪಂಪು-ನಾಜಲ್ ಕೆಲಸದವರಲ್ಲಿ ಗಟ್ಟಿಯಾಗಿದೆ. ಇಂಜೆಕ್ಷನ್ ಬೈಕಿಗೆ ಹತ್ತಿರದ ವಿದ್ಯೆ ಅವರದೇ. ಅದಕ್ಕೆ ಸೇರಬೇಕಾದದ್ದು ಗಾಳಿಯ ಅಧ್ಯಾಯ.

ಕೊನೆಯ ಪುರಾವೆಯನ್ನು ಈಗಿನ ಪೆಟ್ರೋಲ್ ಬಂಕೇ ಕೊಡುತ್ತದೆ. ಪೆಟ್ರೋಲಿಗೆ ಹದವಾದ ಗಾಳಿ ತೂಕದಲ್ಲಿ 14.7 ಪಾಲು, ಎಥನಾಲಿಗೆ 9 ಪಾಲು ಸಾಕು. ಶೇ. 20 ಎಥನಾಲ್ ಬೆರೆತ ಇ-20ಕ್ಕೆ ಈ ಪ್ರಮಾಣ ಸುಮಾರು 13.5ಕ್ಕೆ ಇಳಿಯುತ್ತದೆ. ಅಂದರೆ ಅಷ್ಟೇ ಗಾಳಿಗೆ ಶೇ. 9ರಷ್ಟು ಹೆಚ್ಚು ಇಂಧನ ಬೇಕು. ಕಾರ್ಬುರೇಟರಿನಲ್ಲಾದರೆ ಜೆಟ್ ಬದಲಿಸಬೇಕು, ಇಂಜೆಕ್ಷನ್ನಿನಲ್ಲಾದರೆ ಮೇಲಿನ 130 ಸಿಸಿ ಇಂಜೆಕ್ಟರಿನ ಬದಲು 145ರ ಸುತ್ತಿನದನ್ನು ಆರಿಸಿ ನಕ್ಷೆ ತಿದ್ದಬೇಕು. ಇನ್ನೊಂದು ಹತ್ತು ವರ್ಷಕ್ಕೆ ಬೆರಕೆಯ ಪ್ರಮಾಣ ಬದಲಾದರೆ ಇಂಜೆಕ್ಟರ್ ಮತ್ತೆ ಬದಲಾದೀತು. ಆದರೆ ಆ 346 ಸಿಸಿ ಸಿಲಿಂಡರ್ 5250 ಆರ್‌ಪಿಎಮ್‌ನಲ್ಲಿ ಎಳೆಯುವ ಗಾಳಿ ಆಗಲೂ ಸುಮಾರು 725 ಲೀಟರೇ. ಅದಕ್ಕೆ ಒಮ್ಮೆ ಸರಿಯಾಗಿ ಆರಿಸಿದ ಥ್ರಾಟಲ್ ಬಾಡಿಯನ್ನೂ ಮ್ಯಾನಿಫೋಲ್ಡನ್ನೂ ಬದಲಿಸುವ ಪ್ರಸಂಗ ಬರುವುದಿಲ್ಲ.